ಅಟ್ಟದ ಮೇಲಿನ ಟ್ರಂಕು: ಹಳೇ ಮನೆತನದ ಕಾಗದಪತ್ರ, ವಂಶಾವಳಿ ಉಳಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಹಳೇ ಮನೆ ಕೆಡವುವಾಗ, ಆಸ್ತಿ ಪಾಲಾಗುವಾಗ, ಇಲ್ಲವೇ ಹಿರಿಯರು ತೀರಿಕೊಂಡ ಮೇಲೆ ಅಟ್ಟದಿಂದ ಒಂದು ಟ್ರಂಕು ಕೆಳಗಿಳಿಯುತ್ತದೆ. ಒಳಗೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ಗಂಟುಗಳು, ಛಾಪಾ ಕಾಗದದ ಕ್ರಯಪತ್ರ, ಕಂದಾಯದ ರಸೀದಿ, ಸುರುಳಿ ಸುತ್ತಿದ ಜಾತಕ, ಪೋಸ್ಟ್ ಕಾರ್ಡು, ಮದುವೆಯ ಮುಯ್ಯಿ ಪುಸ್ತಕ, ಹೆಸರು ಗೊತ್ತಿಲ್ಲದವರ ಫೋಟೊ. ಕೆಲವರು ಜಮೀನಿನ ಕಾಗದ ಮಾತ್ರ ಎತ್ತಿಟ್ಟುಕೊಂಡು ಉಳಿದದ್ದನ್ನು ರದ್ದಿಗೆ ಹಾಕುತ್ತಾರೆ. ಇನ್ನು ಕೆಲವರು ಒಂದೇ ದಿನದಲ್ಲಿ ಎಲ್ಲವನ್ನೂ ಬಿಚ್ಚಿ, ಒರೆಸಿ, ಟೇಪ್ ಅಂಟಿಸಿ, ಲ್ಯಾಮಿನೇಷನ್ ಮಾಡಿಸಿಬಿಡುತ್ತಾರೆ. ಇದರಿಂದ ಆಗುವ ನಷ್ಟವೂ ಕಡಿಮೆಯೇನಲ್ಲ.

ಈ ಬರಹದಲ್ಲಿ ನಾನು ಒತ್ತಿ ಹೇಳುವುದು ಒಂದೇ ಮಾತು. ಕಾಗದದಲ್ಲಿ ಬರೆದಿರುವುದು ಅರ್ಧ ಮಾಹಿತಿ ಮಾತ್ರ. ಅದು ಯಾವ ಗಂಟಿನಲ್ಲಿತ್ತು, ಯಾವುದರ ಜೊತೆ ಇತ್ತು, ಯಾರ ಪೆಟ್ಟಿಗೆಯಲ್ಲಿತ್ತು ಅನ್ನುವುದು ಉಳಿದರ್ಧ. ಒಂದೇ ಗಂಟಿನಲ್ಲಿ ಒಂದು ಲಗ್ನಪತ್ರಿಕೆ, ಒಂದು ಪ್ರೋನೋಟು, ಎರಡು ಎಕರೆ ಗದ್ದೆಯ ಕ್ರಯಪತ್ರ ಸಿಕ್ಕಿತು ಅಂದುಕೊಳ್ಳಿ. ಮೂರನ್ನೂ ಒಟ್ಟಿಗೆ ನೋಡಿದರೆ, ಮಗಳ ಮದುವೆಗೆ ಸಾಲ ಮಾಡಿ, ಆ ಸಾಲ ತೀರಿಸಲು ಗದ್ದೆ ಮಾರಿರಬಹುದು ಎಂಬ ಸುಳಿವು ಸಿಗುತ್ತದೆ. ಲಗ್ನಪತ್ರಿಕೆಯನ್ನು ಲಗ್ನಪತ್ರಿಕೆಗಳ ರಾಶಿಗೆ, ಕ್ರಯಪತ್ರವನ್ನು ಜಮೀನಿನ ಫೈಲಿಗೆ ಹಾಕಿದ ಕೂಡಲೇ ಆ ಸುಳಿವು ಅಳಿಸಿಹೋಗುತ್ತದೆ. ಹಾಗಾಗಿ ವಿಂಗಡಿಸುವ ಆಸೆಯನ್ನು ಕೊನೆಯವರೆಗೂ ತಡೆದುಕೊಳ್ಳಿ.

ಬಿಚ್ಚುವ ಮೊದಲು

ಮಳೆಗಾಲದಲ್ಲಿ ಈ ಕೆಲಸ ಶುರು ಮಾಡಬೇಡಿ. ಕರಾವಳಿ, ಮಲೆನಾಡಿನವರಿಗಂತೂ ಜನವರಿಯಿಂದ ಮಾರ್ಚ್‌ವರೆಗಿನ ಒಣ ಹವೆಯೇ ಸರಿ. ಗಾಳಿ ಆಡುವ, ನೇರ ಬಿಸಿಲು ಬೀಳದ ಕೋಣೆ ಆರಿಸಿಕೊಳ್ಳಿ. ಮೇಜಿನ ಮೇಲೆ ಒಗೆದ ಬಿಳಿ ಹತ್ತಿ ಬಟ್ಟೆ ಹಾಸಿ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡರೆ ಸಾಕು, ಕೈಗವಸು ಬೇಡ. ಗವಸು ಹಾಕಿದ ಬೆರಳಿಗೆ ಕಾಗದದ ಅಂಚು ತಿಳಿಯದೆ ಹರಿಯುವುದೇ ಜಾಸ್ತಿ. ಫೋಟೊ, ನೆಗೆಟಿವ್ ಮುಟ್ಟುವಾಗ ಮಾತ್ರ ಗವಸು ಹಾಕಿಕೊಳ್ಳಿ. ಬೂಷ್ಟು ಕಂಡರೆ ಮಾಸ್ಕ್ ಕಡ್ಡಾಯ. ಬರೆಯಲು ಪೆನ್ಸಿಲ್ ಮಾತ್ರ ಬಳಸಿ, ಬಾಲ್ ಪೆನ್ನು ಆ ಕೋಣೆಗೇ ಬರುವುದು ಬೇಡ. ಕಾಫಿ ಲೋಟವೂ ಅಷ್ಟೇ.

ಪೆಟ್ಟಿಗೆಗೆ ಪೂಜೆ ಮಾಡಿ ತೆರೆಯುವುದು ಅನೇಕ ಮನೆಗಳ ಪದ್ಧತಿ. ಪೂಜೆ ಖಂಡಿತ ಮಾಡಿ. ಆದರೆ ಅರಿಶಿನ ಕುಂಕುಮವನ್ನು ಪೆಟ್ಟಿಗೆಗೆ ಹಚ್ಚಿ, ಕಾಗದಕ್ಕೂ ಓಲೆಗರಿಗೂ ಬೇಡ. ಆ ಕಲೆ ಹೋಗುವುದಿಲ್ಲ. ಎಷ್ಟೋ ಪತ್ರಗಳ ಮೊದಲ ಸಾಲು ಹೀಗೆಯೇ ಮುಚ್ಚಿಹೋಗಿದೆ.

ಈಗ ಪೆಟ್ಟಿಗೆಯನ್ನು ಇದ್ದ ಹಾಗೆಯೇ ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಮೇಲಿನ ಗಂಟಿನಿಂದ ಶುರುಮಾಡಿ ಪ್ರತಿ ಗಂಟಿಗೂ ಒಂದು ಸಂಖ್ಯೆ ಕೊಡಿ. ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಗಂಟಿನ ಜೊತೆ ಇಡಿ. ಗಂಟು ಬಿಚ್ಚಿದ ಮೇಲೆ ಒಳಗಿನ ಕಾಗದಗಳಿಗೂ ಅದೇ ಕ್ರಮದಲ್ಲಿ ಸಂಖ್ಯೆ ಕೊಡಿ: ಎರಡನೇ ಗಂಟಿನ ಹದಿನೈದನೇ ಕಾಗದ 2-15. ಕಾಗದದ ಹಿಂಬದಿಯ ಮೂಲೆಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಸಣ್ಣದಾಗಿ ಬರೆದರೆ ಸಾಕು. ಗಂಟು ಕಟ್ಟಿದ್ದ ಬಟ್ಟೆಯ ಮೇಲೋ ಲಕೋಟೆಯ ಮೇಲೋ ಬರಹ ಇದ್ದರೆ ಅದನ್ನೂ ಒಂದು ದಾಖಲೆ ಎಂದೇ ಎಣಿಸಿ.

ಮೊದಲು ಅಪಾಯದಲ್ಲಿರುವುದು

ಗೆದ್ದಲು, ಬೆಳ್ಳಿಹುಳ, ಬೂಷ್ಟು ಇರುವ ಗಂಟುಗಳನ್ನು ಕೂಡಲೇ ಬೇರೆ ಮಾಡಿ. ಕಾಗದ ಕೊರೆಯುವ ಹುಳು ಇನ್ನೂ ಬದುಕಿದ್ದರೆ ಕೆಳಗೆ ಸಣ್ಣ ಹಿಟ್ಟಿನಂಥ ಪುಡಿ ಉದುರುತ್ತದೆ. ಅಂಥ ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಹಿಂಡಿ ತೆಗೆದು, ಬಿಗಿಯಾಗಿ ಮುಚ್ಚಿ ಎರಡು ವಾರ ಫ್ರೀಜರಿನಲ್ಲಿಡಬಹುದು. ಫ್ರೀಜರ್ ಮೈನಸ್ 18 ಡಿಗ್ರಿಗಿಂತ ತಣ್ಣಗಿರಬೇಕು. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ನೀರಿನ ಹನಿ ಕಾಗದದ ಮೇಲೆ ಕೂರುತ್ತದೆ. ಫೋಟೊ, ಗಾಜಿನ ನೆಗೆಟಿವ್, ಓಲೆಗರಿಗೆ ಈ ಉಪಾಯ ಬೇಡ.

ಬೂಷ್ಟು ಹಸಿಯಾಗಿದ್ದಾಗ ಒರೆಸಿದರೆ ಅದು ಕಾಗದದೊಳಕ್ಕೆ ಇನ್ನಷ್ಟು ಇಳಿಯುತ್ತದೆ. ಮೊದಲು ನೆರಳಲ್ಲಿ, ಫ್ಯಾನ್ ಗಾಳಿಯಲ್ಲಿ ಪೂರ್ತಿ ಒಣಗಿಸಿ. ಆಮೇಲೆ ಮನೆಯ ಹೊರಗೆ ಮೆತ್ತನೆ ಬ್ರಷ್‌ನಿಂದ ಝಾಡಿಸಿ. ಬಿಸಿಲಿಗೆ ಹಾಕಿದರೆ ಕಾಗದ ಪೆಡಸಾಗುತ್ತದೆ, ಶಾಯಿ ಮಾಸುತ್ತದೆ.

2018ರಲ್ಲಿ ಕೊಡಗಿನಲ್ಲಿ, 2019ರಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ನೆರೆ ಬಂದಾಗ ಮನೆಯ ಸಾಮಾನಿನ ಜೊತೆ ಕಾಗದಪತ್ರವೂ ನೀರಲ್ಲಿ ನೆನೆದವು. ಕಾಗದ ನೆನೆದರೆ ಸಮಯ ತುಂಬಾ ಕಡಿಮೆ. ಎರಡು ದಿನದೊಳಗೆ ಬೂಷ್ಟು ಹುಟ್ಟಬಹುದು. ಅಂಟಿಕೊಂಡ ಹಾಳೆಗಳನ್ನು ಎಳೆದು ಬಿಡಿಸಬೇಡಿ. ಬಿಡಿಯಾಗಿರುವುದನ್ನು ಬಟ್ಟೆಯ ಮೇಲೆ ಹರಡಿ ಫ್ಯಾನ್ ಹಾಕಿ. ದಪ್ಪ ಪುಸ್ತಕವಾದರೆ ಅಲ್ಲಲ್ಲಿ ಬಿಳಿ ಟಿಶ್ಯೂ ಕಾಗದ ಇಟ್ಟು ಬದಲಾಯಿಸುತ್ತಾ ಇರಿ. ಒಂದೇ ಸಲಕ್ಕೆ ಆಗದಷ್ಟಿದ್ದರೆ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿಟ್ಟು, ಸ್ವಲ್ಪ ಸ್ವಲ್ಪವೇ ತೆಗೆದು ಒಣಗಿಸಬಹುದು.

ಒರೆಸುವುದು, ಬಿಡಿಸುವುದು, ಮತ್ತು ಮಾಡಲೇಬಾರದ್ದು

ತುಕ್ಕು ಹಿಡಿದ ಗುಂಡುಪಿನ್ನು, ಸ್ಟೇಪಲ್, ರಬ್ಬರ್ ಬ್ಯಾಂಡ್ ನಿಧಾನವಾಗಿ ತೆಗೆಯಿರಿ. ಯಾವ ಹಾಳೆಗಳು ಒಟ್ಟಿಗಿದ್ದವು ಎಂದು ಮೊದಲು ಬರೆದಿಟ್ಟುಕೊಳ್ಳಿ. ಮಡಿಕೆ ಬಿಡಿಸುವಾಗ ಕಾಗದ ಪುಡಿಯಾಗುವಂತೆ ಕಂಡರೆ ಅಲ್ಲಿಗೇ ನಿಲ್ಲಿಸಿ. ಒದ್ದೆ ಬಟ್ಟೆ, ಇಸ್ತ್ರಿಪೆಟ್ಟಿಗೆ ಎರಡೂ ಬೇಡ. ಬಿಡಿಸಿದ ಕಾಗದವನ್ನು ಎರಡು ಶುಭ್ರ ಹಾಳೆಗಳ ನಡುವೆ ಇಟ್ಟು, ಮೇಲೆ ಸಾಧಾರಣ ಭಾರದ ಪುಸ್ತಕ ಹೇರಿ ಕೆಲವು ದಿನ ಬಿಟ್ಟರೆ ತಾನೇ ಚಪ್ಪಟೆಯಾಗುತ್ತದೆ.

ಸೆಲ್ಲೋ ಟೇಪ್ ಅಂಟಿಸಲೇಬೇಡಿ. ಕೆಲವೇ ವರ್ಷದಲ್ಲಿ ಟೇಪ್ ಉದುರಿ, ಅಂಟು ಮಾತ್ರ ಕಂದು ಬಣ್ಣಕ್ಕೆ ತಿರುಗಿ ಅಕ್ಷರದ ಮೇಲೆ ಉಳಿಯುತ್ತದೆ. ಲ್ಯಾಮಿನೇಷನ್ ಇನ್ನೂ ಕೆಟ್ಟದ್ದು. ಬಿಸಿ ಪ್ಲಾಸ್ಟಿಕ್ ಕಾಗದದೊಂದಿಗೆ ಬೆಸೆದುಕೊಂಡರೆ ಮನೆಯಲ್ಲಿ ಅದನ್ನು ಬಿಡಿಸುವ ದಾರಿಯೇ ಇಲ್ಲ. ಕಾನೂನಿನ ಕಡೆಯಿಂದಲೂ ಇದು ಮುಖ್ಯ. 30 ವರ್ಷಕ್ಕಿಂತ ಹಳೆಯ ಪತ್ರ ಇರಬೇಕಾದ ಸುಪರ್ದಿಯಿಂದಲೇ ಬಂದಿದ್ದರೆ, ಅದರ ಸಹಿ, ಬರಹ ಅಸಲಿ ಎಂದು ನ್ಯಾಯಾಲಯ ಭಾವಿಸಬಹುದು. 1872ರ ಸಾಕ್ಷ್ಯ ಕಾಯ್ದೆಯ 90ನೇ ಕಲಮಿನಲ್ಲಿದ್ದ ಈ ನಿಯಮ 2023ರ ಹೊಸ ಕಾಯ್ದೆಯಲ್ಲೂ ಮುಂದುವರಿದಿದೆ. ಅಂಥ ಪತ್ರದ ಕಾಗದ, ಶಾಯಿ, ಮುದ್ರೆ ಪರೀಕ್ಷೆಗೆ ಸಿಗುವಂತೆ ಇರಬೇಕು. ಅದು ಯಾರ ಬಳಿ ಇತ್ತು ಎಂದು ನೀವು ಬರೆದಿಟ್ಟ ಟಿಪ್ಪಣಿಗೂ ಆಗ ಬೆಲೆ ಬರುತ್ತದೆ.

ವಸ್ತುವಿಗೆ ತಕ್ಕ ಉಪಚಾರ

ಕಂದು ಬಣ್ಣದ ಹಳೇ ಶಾಯಿ ಹೆಚ್ಚಾಗಿ ಕಬ್ಬಿಣದ ಅಂಶ ಇರುವ ಶಾಯಿ. ಅದು ಕಾಗದವನ್ನೇ ತಿನ್ನುತ್ತದೆ, ತೇವ ತಗುಲಿದರೆ ಇನ್ನೂ ಬೇಗ. ಇಂಥ ಪತ್ರಗಳನ್ನು ಮೊದಲು ಫೋಟೊ ಮಾಡಿ.

ಕಡತ ಸಿಕ್ಕರೆ ನಿಮ್ಮ ಮನೆಯಲ್ಲಿ ಅಪರೂಪದ ವಸ್ತು ಇದೆ ಎಂದು ತಿಳಿಯಿರಿ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಹಿಂದೆ ಮುಂದೆ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಲೆಂದೇ ಮಾಡಿದ್ದು ಅದು. ಈಗಲೂ ಒಂದು ಸಲ ಒರೆಸಿದರೆ ಇನ್ನೂರು ವರ್ಷದ ಲೆಕ್ಕ ಹೋದಂತೆಯೇ. ಧೂಳು ಇದ್ದರೂ ಮುಟ್ಟಬೇಡಿ. ಒಂದು ಬದಿಯಿಂದ ಬೆಳಕು ಬೀಳುವಂತೆ ಇಟ್ಟು ಮಡಿಕೆ ಮಡಿಕೆಯಾಗಿ ಫೋಟೊ ತೆಗೆಯಿರಿ. ಶೃಂಗೇರಿ ಮಠದಲ್ಲಿ ಉಳಿದ ಕಡತಗಳಿಂದ ಇತಿಹಾಸಕಾರರಿಗೆ ಎಷ್ಟೊಂದು ಮಾಹಿತಿ ಸಿಕ್ಕಿದೆ. ಹಳೇ ಶ್ಯಾನುಭೋಗರ ಮನೆಗಳಲ್ಲೂ ಅಂಥವು ಇನ್ನೂ ಇರಬಹುದು.

ಓಲೆಗರಿ ಕಟ್ಟಿನ ದಾರ ಬಿಚ್ಚುವ ಮೊದಲು ನಾಲ್ಕೂ ಬದಿಯಿಂದ ಫೋಟೊ ತೆಗೆಯಿರಿ. ಗರಿಗಳ ಕ್ರಮ ತಪ್ಪಿದರೆ ಮತ್ತೆ ಜೋಡಿಸಲು ಲಿಪಿ ಬಲ್ಲವರೇ ಬೇಕು. ಒಣ ಬ್ರಷ್‌ನಿಂದ ಧೂಳು ತೆಗೆಯಿರಿ, ಅಷ್ಟೇ. ಎಣ್ಣೆ ಸವರುವುದು, ಕಾಡಿಗೆ ತುಂಬಿ ಅಕ್ಷರ ಎದ್ದು ಕಾಣಿಸುವುದು ಪಳಗಿದವರ ಕೆಲಸ. ಮೇಲೆ ಕೆಳಗೆ ಇದ್ದ ಮರದ ಹಲಗೆಗಳನ್ನು ಎಸೆಯಬೇಡಿ. ದಾರ ಸಡಿಲವಾಗಿರಲಿ, ಬಿಗಿದರೆ ತೂತಿನ ಅಂಚು ಸೀಳುತ್ತದೆ.

ಗಾಜಿಗೆ ಅಂಟಿದ ಫೋಟೊ ಕೀಳಬೇಡಿ, ಗಾಜಿನ ಮೇಲಿಂದಲೇ ಪ್ರತಿ ತೆಗೆಯಿರಿ. ಅಂಟು ಹಾಳೆಯ ಆಲ್ಬಮ್‌ಗಳೂ ಫೋಟೊಗಳಿಗೆ ಶತ್ರು. ಸುಲಭವಾಗಿ ಬಿಡುವ ಫೋಟೊಗಳನ್ನು ತೆಗೆದು ಕಾಗದದ ಲಕೋಟೆಗೆ ಹಾಕಿ. ಹೆಸರು ಬರೆಯುವುದಿದ್ದರೆ ಲಕೋಟೆಯ ಮೇಲೆ, ಫೋಟೊ ಒಳಗೆ ಸೇರಿಸುವ ಮೊದಲೇ ಬರೆಯಿರಿ.

ಪ್ರತಿ ತೆಗೆಯುವುದು

ಸ್ಕ್ಯಾನ್ ಮಾಡುವಾಗ ಪತ್ರಗಳಿಗೆ 300 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕೆ ಎಂಬ ಅಳತೆ), ಸಣ್ಣ ಫೋಟೊಗಳಿಗೆ 600 ಡಿಪಿಐ ಸಾಕು. ಗಟ್ಟಿ ಕಾಗದಗಳನ್ನು ಮಾತ್ರ ಸ್ಕ್ಯಾನರ್‌ಗೆ ಹಾಕಿ, ಅದೂ ಹಾಳೆಯನ್ನು ಒಳಗೆಳೆಯುವ ಸ್ಕ್ಯಾನರ್ ಬೇಡ. ಉಳಿದವಕ್ಕೆ ಮೊಬೈಲ್ ಸಾಕು. ಕಿಟಕಿ ಪಕ್ಕದ ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ, ಮೇಲಿನಿಂದ ನೇರವಾಗಿ ತೆಗೆಯಿರಿ. ಪಕ್ಕದಲ್ಲಿ ಒಂದು ಸ್ಕೇಲು ಮತ್ತು ಸಂಖ್ಯೆಯ ಚೀಟಿ ಇಡಿ. ಕಪ್ಪು ಬಿಳುಪು ಮಾಡುವ, ‘ಚಂದ’ ಮಾಡುವ ಆ್ಯಪ್ ಬೇಡ, ಮಾಸಿದ ಮುದ್ರೆ, ತೆಳು ಪೆನ್ಸಿಲ್ ಬರಹ ಅದರಲ್ಲಿ ಮಾಯವಾಗುತ್ತದೆ. ಖಾಲಿ ಅನಿಸಿದರೂ ಹಿಂಬದಿ ಬಿಡಬೇಡಿ. ಛಾಪಾ ಕಾಗದ ಯಾರ ಹೆಸರಲ್ಲಿ ಕೊಂಡದ್ದು, ಎಂದು ನೋಂದಣಿ ಆಯಿತು ಎಂಬುದು ಹೆಚ್ಚಾಗಿ ಹಿಂಬದಿಯಲ್ಲೇ ಇರುತ್ತದೆ.

ಫೈಲಿನ ಹೆಸರೂ ಕಾಗದದ ಸಂಖ್ಯೆಯೇ ಆಗಲಿ: 2-15-1, 2-15-2. ಮೂರು ಪ್ರತಿ ಇಡಿ, ಅದರಲ್ಲಿ ಒಂದು ಬೇರೆ ಊರಿನಲ್ಲಿರಲಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಗುಣಮಟ್ಟ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಪ್ರತಿ ಆಯಿತೆಂದು ಮೂಲವನ್ನು ಎಸೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಓದಿ ಪಟ್ಟಿ ಮಾಡುವುದು

ಒಂದು ದಪ್ಪ ನೋಟ್‌ಬುಕ್ಕು ಅಥವಾ ಎಕ್ಸೆಲ್ ಹಾಳೆ ತೆಗೆದುಕೊಳ್ಳಿ. ಸಂಖ್ಯೆ, ಏನು, ಯಾರಿಂದ ಯಾರಿಗೆ, ತಾರೀಖು, ಊರು, ಲಿಪಿ, ಈಗಿನ ಸ್ಥಿತಿ, ಇದರ ಬಗ್ಗೆ ಯಾರು ಏನು ಹೇಳಿದರು — ಇಷ್ಟು ಕಾಲಂ ಸಾಕು. ಓದಲು ಬಾರದ್ದನ್ನೂ ಪಟ್ಟಿಗೆ ಸೇರಿಸಿ.

ನಿಮ್ಮ ಊರು ಹಿಂದೆ ಯಾವ ಆಡಳಿತದಲ್ಲಿತ್ತು ಎಂದು ನೋಡಿಕೊಂಡರೆ ಲಿಪಿ, ಭಾಷೆಯ ಗೊಂದಲ ಅರ್ಧ ಕಡಿಮೆಯಾಗುತ್ತದೆ. ಮುಂಬೈ ಪ್ರಾಂತದ ಧಾರವಾಡ, ಬೆಳಗಾವಿ, ವಿಜಯಪುರ ಕಡೆ ಮರಾಠಿಯ ಮೋಡಿ ಲಿಪಿಯ ಪತ್ರ ಸಿಗುವುದು ಸಾಮಾನ್ಯ. ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿ, ಬೀದರ್, ರಾಯಚೂರಿನಲ್ಲಿ ಉರ್ದು. ಕರಾವಳಿ ಮತ್ತು ಮಲೆನಾಡಿನ ವೈದಿಕ ಮನೆಗಳಲ್ಲಿ ತಿಗಳಾರಿ ಲಿಪಿ. ದಕ್ಷಿಣ ಕನ್ನಡ, ಬಳ್ಳಾರಿ ಮದ್ರಾಸಿಗೆ ಸೇರಿದ್ದವು.

ತಾರೀಖಿಗೆ ಕೆಲವು ಲೆಕ್ಕ ಗೊತ್ತಿರಲಿ. ಶಾಲಿವಾಹನ ಶಕಕ್ಕೆ 78 ಸೇರಿಸಿದರೆ ಇಸವಿ ಸಿಗುತ್ತದೆ, ಜನವರಿಯಿಂದ ಯುಗಾದಿವರೆಗಿನ ದಿನವಾದರೆ 79. ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ಫಸಲಿ ವರ್ಷಕ್ಕೆ ಸುಮಾರು 590 ಸೇರಿಸಿ, 1350 ಫಸಲಿ ಎಂದರೆ 1940-41. ಬರೀ ಸಂವತ್ಸರದ ಹೆಸರಿದ್ದರೆ 60 ವರ್ಷಕ್ಕೊಮ್ಮೆ ಅದೇ ಹೆಸರು ಮರಳುತ್ತದೆ ಎಂದು ನೆನಪಿಡಿ. ರಕ್ತಾಕ್ಷಿ 1864, 1924, 1984ರಲ್ಲಿ ಬಂದಿತ್ತು. ಅಜ್ಜ ಹುಟ್ಟಿದ್ದು ರಕ್ತಾಕ್ಷಿಯಲ್ಲಿ, ಅವರ ಮೊದಲ ಮಗು 1950ರಲ್ಲಿ ಎಂದರೆ 1924 ಎಂದು ತೀರ್ಮಾನಿಸಬಹುದು. ಹಣದಿಂದಲೂ ಕಾಲ ತಿಳಿಯುತ್ತದೆ. ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ರಂದು, ಅದಕ್ಕೂ ಮೊದಲು ರೂಪಾಯಿಗೆ 16 ಆಣೆ. ಶಾಲೆ ದಾಖಲೆಯ ಹುಟ್ಟಿದ ದಿನವನ್ನು ಮಾತ್ರ ಪೂರ್ತಿ ನಂಬಬೇಡಿ. ಮೇಷ್ಟ್ರು ಶಾಲೆಗೆ ಸೇರಿಸಿಕೊಳ್ಳುವಾಗ ಅಂದಾಜಿನಲ್ಲಿ ಬರೆದ ಜೂನ್ 1 ಅದೆಷ್ಟು ಜನರ ಜನ್ಮದಿನವಾಗಿಬಿಟ್ಟಿದೆ! ಜಾತಕ ಇದ್ದರೆ ಅದೇ ಹೆಚ್ಚು ನಂಬಿಕೆಯದು.

ಹಳೇ ಮೈಸೂರಿನ ಪತ್ರಗಳಲ್ಲಿ ‘ಬಿನ್’ ಎಂದರೆ ಇಂಥವರ ಮಗ, ‘ಕೋಂ’ ಎಂದರೆ ಇಂಥವರ ಹೆಂಡತಿ, ‘ಯಾನೆ’ ಎಂದರೆ ಇನ್ನೊಂದು ಹೆಸರು. ಈ ಮೂರು ಶಬ್ದ ಹಿಡಿದು ಹೋದರೆ ಒಂದು ಕ್ರಯಪತ್ರದಲ್ಲೇ ಎರಡು ತಲೆಮಾರು ಸಿಗುತ್ತದೆ. ಪಾಲುಪಟ್ಟಿ ಸಿಕ್ಕರಂತೂ ಹಬ್ಬ. ಅಣ್ಣತಮ್ಮಂದಿರು, ತೀರಿಕೊಂಡವರ ಮಕ್ಕಳು, ದತ್ತು ಬಂದವರು, ಮೈನರ್‌ಗಳು ಎಲ್ಲರೂ ಅಲ್ಲಿರುತ್ತಾರೆ. 1974ರ ಭೂಸುಧಾರಣೆಯ ಕಾಲದ ಡಿಕ್ಲರೇಷನ್ ಪ್ರತಿಗಳನ್ನೂ ಗಮನವಿಟ್ಟು ಓದಿ. ಯಾರು ಉಳುತ್ತಿದ್ದರು, ಯಾರು ಒಡೆಯರು ಎಂಬುದು ಅಲ್ಲಿ ಗೊತ್ತಾಗುತ್ತದೆ. ಮೂಲ ಕಳೆದ ನೋಂದಾಯಿತ ಪತ್ರಕ್ಕೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ದೃಢೀಕೃತ ನಕಲು ಕೇಳಬಹುದು.

ವಂಶಾವಳಿ: ಕಾಣೆಯಾದವರನ್ನು ಹುಡುಕುವುದು

ಅನೇಕ ಮನೆಗಳಲ್ಲಿ ವಂಶವೃಕ್ಷ ಎಂದರೆ ಗಂಡಸರ ಪಟ್ಟಿ. ತಾತ, ಮುತ್ತಾತ, ಅವರಪ್ಪ ಎಂದು ಏಳು ತಲೆಮಾರು ಇರುತ್ತದೆ, ಒಬ್ಬ ಹೆಂಗಸಿನ ಹೆಸರೂ ಇರುವುದಿಲ್ಲ. ಹುಟ್ಟಿ ಬೇರೆ ಮನೆಗೆ ಹೋದ ಹೆಣ್ಣುಮಕ್ಕಳಂತೂ ಇಲ್ಲವೇ ಇಲ್ಲ. ಇದನ್ನು ಸರಿಪಡಿಸುವುದು ನಮ್ಮ ಪೀಳಿಗೆಯಿಂದ ಆಗಬೇಕಾದ ಕೆಲಸ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಹೆಸರುಗಳು ಎಲ್ಲೂ ಹೋಗಿಲ್ಲ, ನಾವು ಹುಡುಕುವ ಜಾಗ ಬೇರೆಯಾಗಬೇಕು, ಅಷ್ಟೇ.

ಶ್ರಾದ್ಧ, ತರ್ಪಣದ ಚೀಟಿ ನೋಡಿ. ತಂದೆ ಕಡೆ ಮೂರು ತಲೆಮಾರಿನ ಜೊತೆ ತಾಯಿ, ಅಜ್ಜಿ, ಮುತ್ತಜ್ಜಿ, ತಾಯಿಯ ತವರಿನವರ ಹೆಸರೂ ಅದರಲ್ಲಿರುತ್ತದೆ. ಅಡುಗೆಮನೆಯ ಹಳೇ ಹಿತ್ತಾಳೆ, ತಾಮ್ರದ ಪಾತ್ರೆಗಳ ಅಂಚು ನೋಡಿ. ಮದುವೆಯಲ್ಲಿ ಕೊಟ್ಟವರ, ಪಡೆದವರ ಹೆಸರು, ಕೆಲವದರಲ್ಲಿ ತಾರೀಖು ಸಹ ಕೆತ್ತಿರುತ್ತದೆ. ಮುಯ್ಯಿ ಪುಸ್ತಕದಲ್ಲಿ ಯಾವ ಊರಿನ ಯಾವ ನೆಂಟರು ಏನು ಕೊಟ್ಟರು ಎಂದು ಸಾಲುಸಾಲಾಗಿ ಇರುತ್ತದೆ. ಹಳೇ ಪಂಚಾಂಗದ ಅಂಚಿನಲ್ಲಿ ಹೆರಿಗೆಯ ಗಳಿಗೆ ಬರೆದಿಡುತ್ತಿದ್ದರು. ಮದುವೆಯಾದ ಮೇಲೆ ಹೆಸರು ಬದಲಾಯಿಸುವ ಪದ್ಧತಿ ನಿಮ್ಮವರಲ್ಲಿದ್ದರೆ ಎರಡೂ ಹೆಸರು ಬರೆಯಿರಿ. ತುಳುನಾಡಿನ ಅಳಿಯಸಂತಾನದ ಕುಟುಂಬಗಳಲ್ಲಿ ವಂಶ ನಡೆಯುವುದೇ ತಾಯಿಯಿಂದ. ಅಲ್ಲಿ ಅಪ್ಪನಿಂದ ಮಗನಿಗೆ ಗೆರೆ ಎಳೆದರೆ ಇಡೀ ನಕ್ಷೆಯೇ ತಪ್ಪುತ್ತದೆ. ಮಂಗಳೂರಿನ ಕ್ರೈಸ್ತ ಮನೆತನಗಳಿಗೆ ಚರ್ಚಿನ ದೀಕ್ಷಾಸ್ನಾನ, ಮದುವೆಯ ಪುಸ್ತಕಗಳಿವೆ. ಮುಸ್ಲಿಂ ಮನೆಗಳಲ್ಲಿ ನಿಕಾಹ್‌ನಾಮಾ ಹುಡುಕಿ.

ಬಯಲುಸೀಮೆ, ಉತ್ತರ ಕರ್ನಾಟಕದ ಒಕ್ಕಲು ಮನೆಗಳಿಗೆ ಹೆಳವರು ಇದ್ದಾರೆ. ಎತ್ತಿನ ಮೇಲೆ ಬಂದು, ಗಂಟೆ ಬಾರಿಸಿ, ಮನೆತನದ ಮೂಲಪುರುಷನಿಂದ ಹಿಡಿದು ಹೇಳಿ, ಹೊಸದಾಗಿ ಹುಟ್ಟಿದವರನ್ನು ಪುಸ್ತಕಕ್ಕೆ ಸೇರಿಸಿಕೊಂಡು ಹೋಗುತ್ತಿದ್ದ ಸಮುದಾಯ ಅದು. ನಿಮ್ಮ ಮನೆಯ ಹೆಳವರು ಯಾರು, ಯಾವ ಊರಿನವರು ಎಂದು ಹಿರಿಯರನ್ನು ಕೇಳಿ. ಅವರು ಬಂದಾಗ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ, ಅವರಿಗೆ ಸಲ್ಲಬೇಕಾದ್ದನ್ನು ಕೈತುಂಬಾ ಕೊಡಿ. ಅದು ಅವರ ಕುಲಕಸುಬು, ಅವರ ಆಸ್ತಿ. ಕಾಶಿ, ಗಯೆ, ಹರಿದ್ವಾರಕ್ಕೆ ಪೂರ್ವಜರು ಹೋಗಿದ್ದರೆ ಅಲ್ಲಿನ ಪಂಡಾಗಳ (ತೀರ್ಥಕ್ಷೇತ್ರದ ಪುರೋಹಿತರ) ಬಹಿಯಲ್ಲಿ, ಅಂದರೆ ಯಾತ್ರಿಕರ ದಾಖಲೆ ಪುಸ್ತಕದಲ್ಲಿ, ಸಹಿ ಇರಬಹುದು. ಹುಡುಕಿಸಲು ಮೂಲ ಊರಿನ ಹೆಸರು ಬೇಕು.

ಮನೆಯ ಹಿರಿಯರ ಜೊತೆ ಕೂರುವುದನ್ನು ಮುಂದಕ್ಕೆ ಹಾಕಬೇಡಿ. ‘ವಂಶಾವಳಿ ಹೇಳಿ’ ಎಂದರೆ ಯಾರಿಗೂ ನೆನಪಾಗುವುದಿಲ್ಲ. ಒಂದು ಫೋಟೊ ಕೈಗೆ ಕೊಟ್ಟು ‘ಅಜ್ಜಿ, ಈ ಕಡೆ ನಿಂತಿರೋದು ಯಾರು? ನಿಮ್ಮ ಬಾಣಂತನ ಯಾರು ಮಾಡಿದ್ರು?’ ಎಂದು ಕೇಳಿ ನೋಡಿ. ಒಬ್ಬರಿಂದ ಹತ್ತು ಜನ ಬರುತ್ತಾರೆ. ಇಬ್ಬರು ಬೇರೆ ಬೇರೆ ಹೇಳಿದರೆ ಎರಡನ್ನೂ ಅವರವರ ಹೆಸರಿನ ಮುಂದೆ ಬರೆಯಿರಿ. ಕಾಗದದಿಂದ ತಿಳಿದದ್ದು, ಕೇಳಿ ತಿಳಿದದ್ದು, ನಿಮ್ಮ ಊಹೆ — ಮೂರಕ್ಕೂ ಬೇರೆ ಗುರುತು ಇರಲಿ. ಎಳವೆಯಲ್ಲೇ ತೀರಿಕೊಂಡ ಮಕ್ಕಳನ್ನೂ ಬಿಡಬೇಡಿ.

ಎತ್ತಿಡುವುದು

ಹಿಂದಿನವರು ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟದ್ದು ಒಳ್ಳೆಯ ಉಪಾಯವೇ. ಈಗ ನೀವು ಬಿಳಿ ಹತ್ತಿ ಬಟ್ಟೆ ಬಳಸಿ, ಬಣ್ಣ ಬಿಡುವ ಭಯವಿಲ್ಲ. ಹೊಸ ಬಟ್ಟೆಯಾದರೆ ಗಂಜಿ ಹೋಗುವಂತೆ ಒಗೆದು ಒಣಗಿಸಿ, ಗಂಜಿಗೆ ಹುಳು ಬರುತ್ತದೆ. ಆಮ್ಲರಹಿತ ಕಾಗದದ ಲಕೋಟೆ ಸಿಕ್ಕರೆ ಇನ್ನೂ ಒಳ್ಳೆಯದು. ದಿನಪತ್ರಿಕೆಯಲ್ಲಿ ಸುತ್ತಬೇಡಿ. ಅಗ್ಗದ ಪಿವಿಸಿ ಕವರ್ ಬೇಡ. ನುಸಿಗುಳಿಗೆಯೂ ಬೇಡ, ಅದರ ಆವಿ ಮನುಷ್ಯರಿಗೆ ಕೆಟ್ಟದ್ದು, ಫೋಟೊಗೂ ಒಳ್ಳೆಯದಲ್ಲ. ಒಣಗಿಸಿದ ಬೇವಿನ ಎಲೆ ಅಥವಾ ಬಜೆ ಬೇರಿನ ತುಂಡನ್ನು ಬಟ್ಟೆಯ ಪೊಟ್ಟಣದಲ್ಲಿ ಪೆಟ್ಟಿಗೆಯ ಮೂಲೆಗೆ ಇಡಬಹುದು, ಕಾಗದಕ್ಕೆ ತಾಗದ ಹಾಗೆ. ಅದನ್ನೇ ನಂಬಿ ಪೆಟ್ಟಿಗೆ ಮರೆಯಬೇಡಿ.

ಗಾಳಿಯ ತೇವಾಂಶ 45ರಿಂದ 55 ಶೇಕಡಾ ಇದ್ದರೆ ಉತ್ತಮ. 65 ದಾಟಿದರೆ ಬೂಷ್ಟಿನ ಕಾಟ. ತೇವ ಅಳೆಯುವ ಸಣ್ಣ ಮೀಟರ್ ಪೇಟೆಯಲ್ಲಿ ಸಿಗುತ್ತದೆ. ಹೊರಗೋಡೆಗೆ ತಾಗದ, ನೆಲದಿಂದ ಎತ್ತರದ ಕಪಾಟು ಆರಿಸಿ. ಅಟ್ಟದಲ್ಲಿ ಸೆಕೆ, ನೆಲಮಾಳಿಗೆಯಲ್ಲಿ ತೇವ, ಎರಡೂ ಬೇಡ. ದೇವರಮನೆಯಲ್ಲೂ ಬೇಡ, ದೀಪ, ಧೂಪದ ಮಸಿ ಕೂರುತ್ತದೆ.

ಯಾರ ಕೈಗೆ?

ಮನೆಯಲ್ಲಿ ನೋಡಿಕೊಳ್ಳುವವರು ಇಲ್ಲ ಎಂದಾದರೆ ಸಂಸ್ಥೆಗೆ ಕೊಡುವ ಯೋಚನೆ ಮಾಡಿ. ಓಲೆಗರಿ, ಹಸ್ತಪ್ರತಿಗಳಿಗೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಕೆಳದಿಯ ವಸ್ತುಸಂಗ್ರಹಾಲಯ ಇವೆ. ಆಡಳಿತಕ್ಕೆ ಸಂಬಂಧಿಸಿದ ಹಳೇ ದಾಖಲೆಗಳಿಗೆ ಕರ್ನಾಟಕ ರಾಜ್ಯ ಪತ್ರಾಗಾರವನ್ನು ವಿಚಾರಿಸಬಹುದು. ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿಗೆ ತಂದುಕೊಟ್ಟ ಗ್ರಂಥ ಲಿಪಿಯ ಓಲೆಗರಿಯಿಂದಲೇ ಕೌಟಿಲ್ಯನ ಅರ್ಥಶಾಸ್ತ್ರ ಹೊರಬಂತು. ಆರ್. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಪ್ರಕಟಿಸಿದರು. ಒಂದು ಮನೆಯ ಕಟ್ಟಿನಲ್ಲಿ ಏನಿದೆ ಎಂದು ಮೊದಲೇ ಹೇಳಲಾಗದು. ಕೊಡುವಾಗ ಪಟ್ಟಿಗೆ ಸಹಿ ಹಾಕಿಸಿಕೊಳ್ಳಿ, ಮನೆಯವರು ಬಂದು ನೋಡಲು ಅವಕಾಶ ಇರಬೇಕೆಂದು ಬರಹದಲ್ಲಿ ಕೇಳಿ. ಜಮೀನಿನ ಮೂಲಪತ್ರ ಮಾತ್ರ ವಕೀಲರನ್ನು ಕೇಳದೆ ಯಾರಿಗೂ ಕೊಡಬೇಡಿ.

ಹಂಚಿಕೊಳ್ಳುವಾಗಲೂ ಯೋಚಿಸಿ. ಹಳೇ ಪತ್ರಗಳಲ್ಲಿ ಸಾಲ, ಕಾಯಿಲೆ, ಮನೆಜಗಳ, ಬಿಟ್ಟುಹೋದ ಹೆಂಡತಿ, ಜೀತಕ್ಕಿದ್ದವರ ಲೆಕ್ಕ ಎಲ್ಲವೂ ಇರುತ್ತದೆ. ಅದನ್ನು ಹರಿದುಹಾಕುವುದು ತಪ್ಪು, ಊರಿಗೆಲ್ಲ ಹಂಚುವುದೂ ತಪ್ಪು. ಬದುಕಿರುವವರಿಗೆ ನೋವಾಗುವಂಥದ್ದನ್ನು ಬೇರೆ ಲಕೋಟೆಯಲ್ಲಿಟ್ಟು, ಯಾವ ವರ್ಷದ ನಂತರ ತೆರೆಯಬಹುದು ಎಂದು ಬರೆದಿಡಿ.

ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ ಆಯುಧಪೂಜೆಯ ಹೊತ್ತಿಗೆ, ಪೆಟ್ಟಿಗೆ ತೆಗೆದು ಹುಳು, ಬೂಷ್ಟು ನೋಡಿ, ಹಾರ್ಡ್‌ಡಿಸ್ಕ್ ತೆರೆಯುತ್ತದೆಯೇ ಪರೀಕ್ಷಿಸಿ, ಆ ವರ್ಷ ಹುಟ್ಟಿದವರು, ತೀರಿಕೊಂಡವರು, ಮದುವೆಯಾದವರ ಹೆಸರು ಸೇರಿಸಿ. ಪಟ್ಟಿಯ ಒಂದೊಂದು ಪ್ರತಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಮನೆಗೂ ತಲುಪಲಿ. ನಮ್ಮಲ್ಲಿ ಇಲ್ಲ ಎಂದುಕೊಂಡ ಫೋಟೊ, ಪತ್ರ ಅವರ ಪೆಟ್ಟಿಗೆಯಲ್ಲಿ ಇರಬಹುದು. ಪಟ್ಟಿ ಕಳಿಸುವಾಗ ಕೊನೆಗೆ ಎರಡು ಖಾಲಿ ಹಾಳೆ ಸೇರಿಸಿ, ಅವರಲ್ಲಿ ಏನಿದೆ ಎಂದು ಬರೆದು ವಾಪಸ್ ಕಳಿಸಲು ಹೇಳಿ.